ಮುಳ್ಳು ತಡೆಯುವ ಸೈಕಲ್ ಟೈರು ಮನೆಯಲ್ಲೇ ಮಾಡಲು ಕೆವ್ಲಾರ್‌ನಂಥ ಬಟ್ಟೆ ಎಲ್ಲಿ ಸಿಗುತ್ತದೆ?

ಚಳ್ಳಕೆರೆ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು 28×1½ ಅಳತೆಯ ಹಳೆಯ ಕಪ್ಪು ಸೈಕಲ್. ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ 635 ಮಿಲಿಮೀಟರ್. ನಮ್ಮ ಕಡೆಯ ಹೊಲದ ದಾರಿಗಳ ಎರಡೂ ಬದಿಯಲ್ಲಿ ಬಳ್ಳಾರಿ ಜಾಲಿ ಹಬ್ಬಿದೆ. ಅದನ್ನು ಕಡಿದು ಸೌದೆಗೂ ಇದ್ದಿಲಿಗೂ ಸಾಗಿಸುವ ದಿನಗಳಲ್ಲಿ ದಾರಿಯುದ್ದಕ್ಕೂ ಮುಳ್ಳು ಉದುರಿರುತ್ತದೆ. ಮಳೆಗಾಲ ಕಳೆದ ಮೇಲೆ ನೆಗ್ಗಿಲು ಒಣಗುತ್ತದೆ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ಮುಖ ಮಾಡಿರುತ್ತದೆ ಎಂಬುದು ಬಯಲುಸೀಮೆಯವರಿಗೆಲ್ಲ ಗೊತ್ತು. ಹೆದ್ದಾರಿ ಹತ್ತಿದರೆ ಸಿಡಿದ ಲಾರಿ ಟೈರುಗಳಿಂದ ಚದುರಿದ ಸಣ್ಣ ಉಕ್ಕಿನ ತಂತಿಯ ಚೂರುಗಳು.

700ಸಿ ಅಳತೆಯ ಸೈಕಲ್ಲುಗಳಿಗೆ ಪಂಕ್ಚರ್ ನಿರೋಧಕ ಟೈರುಗಳು ಹಣ ಕೊಟ್ಟರೆ ಸಿಗುತ್ತವೆ. ನನ್ನ ಅಳತೆಗೆ ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ಸಾದಾ ನೈಲಾನ್ ಟೈರು ಮಾತ್ರ. ಆದ್ದರಿಂದ ಬುಲೆಟ್‌ಪ್ರೂಫ್ ಜಾಕೆಟ್ಟುಗಳಿಗೆ ಬಳಸುವ ಕೆವ್ಲಾರ್ ಬಟ್ಟೆಯ ಪದರವೊಂದನ್ನು ಟೈರಿಗೆ ನಾನೇ ಸೇರಿಸಬೇಕೆಂದಿದ್ದೇನೆ. ಈ ಬಟ್ಟೆ ಚಿಲ್ಲರೆಯಾಗಿ ಎಲ್ಲಿ ಸಿಗುತ್ತದೆ, ಎಷ್ಟು ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ) ಇರಬೇಕು, ಗುಜರಿಗೆ ಬಂದ ಬುಲೆಟ್‌ಪ್ರೂಫ್ ಜಾಕೆಟ್ಟುಗಳ ಬಟ್ಟೆ ಆಗಬಹುದೇ ಎಂಬುದನ್ನು ತಿಳಿದವರು ಹೇಳಬೇಕು. ಇನ್ನೂ ಮುಂದೆ ಹೋಗಿ ಟೈರನ್ನೇ ಪೂರ್ತಿಯಾಗಿ ಮನೆಯಲ್ಲಿ ಕಟ್ಟಲು ಸಾಧ್ಯವೇ?

ದೊಡ್ಡಬಳ್ಳಾಪುರ ಮಗ್ಗ

ಚಳ್ಳಕೆರೆಯವರೇ, ಬಟ್ಟೆಯ ಹೆಸರು ಹಿಡಿದು ಹುಡುಕುವ ಮೊದಲು ಮುಳ್ಳು ಬಟ್ಟೆಯನ್ನು ದಾಟುವ ಬಗೆಯನ್ನು ನೋಡೋಣ. ನಮ್ಮದು ಪವರ್‌ಲೂಮ್ ಮನೆ, ನಾನು ಓದಿದ್ದೂ ಟೆಕ್ಸ್‌ಟೈಲ್. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕೆವ್ಲಾರ್ ಎಂಬುದು 1965ರಲ್ಲಿ ಡ್ಯೂಪಾಂಟ್ ಸಂಸ್ಥೆಯಲ್ಲಿ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ ಪ್ಯಾರಾ-ಅರಾಮಿಡ್ ಎಂಬ ಕೃತಕ ನೂಲಿನ ಮಾರಾಟದ ಹೆಸರು. ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿನ ಐದು ಪಟ್ಟು ಬಲ ಎಂದು ಹೇಳುವುದು ಸುಳ್ಳಲ್ಲ. ಆದರೆ ಆ ಬಲವೆಲ್ಲ ಎಳೆಯನ್ನು ಅದರ ಉದ್ದಕ್ಕೆ ಹಿಡಿದು ಜಗ್ಗಿದಾಗ ಕಾಣುವಂಥದ್ದು. ಗುಂಡು ಬಂದು ಬಡಿದಾಗ ಅದರ ಮೊಂಡು ಮೂತಿಗೆ ಹತ್ತಾರು ಎಳೆಗಳು ಒಟ್ಟಿಗೆ ಸಿಕ್ಕಿ, ಜಗ್ಗಿಸಿಕೊಂಡು, ಏಟನ್ನು ಅಗಲಕ್ಕೆ ಹಂಚುತ್ತವೆ. ಮುಳ್ಳಿನ ತುದಿಗೆ ಒಂದು ಎಳೆಯೂ ಸಿಗುವುದಿಲ್ಲ. ಅದು ಹಾಸಿನ (ಉದ್ದದ) ಎಳೆಗಳ ನಡುವೆ ತೂರಿ, ಹೊಕ್ಕಿನ (ಅಡ್ಡದ) ಎಳೆಗಳನ್ನು ಪಕ್ಕಕ್ಕೆ ಸರಿಸಿ, ಏನನ್ನೂ ಕತ್ತರಿಸದೆ ಆಚೆ ಹೋಗುತ್ತದೆ. ಜರಡಿಯ ತಂತಿ ಎಷ್ಟೇ ಗಟ್ಟಿಯಿದ್ದರೂ ಕಣ್ಣು ದೊಡ್ಡದಿದ್ದರೆ ಕಾಳು ಕೆಳಗೆ ಬೀಳಲೇಬೇಕಲ್ಲವೇ?

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ, ಚದರ ಮೀಟರಿಗೆ 170 ಗ್ರಾಂ ತೂಗುವ ಸಾದಾ ನೇಯ್ಗೆಯ ಅರಾಮಿಡ್ ಬಟ್ಟೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ 1140 ಡೆನಿಯರ್ (9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ) ನೂಲು, ಅಂಗುಲಕ್ಕೆ 17 ಹಾಸು, 17 ಹೊಕ್ಕು ಇರುತ್ತವೆ. ಅಂದರೆ ಒಂದು ಎಳೆಯ ನಡುವಿನಿಂದ ಮುಂದಿನ ಎಳೆಯ ನಡುವಿಗೆ ಸುಮಾರು ಒಂದೂವರೆ ಮಿಲಿಮೀಟರ್. ಈ ಬಟ್ಟೆಯನ್ನು ದೋಣಿ, ಡ್ರೋನ್, ಹೆಲ್ಮೆಟ್ ಮಾಡುವವರಿಗೆಂದು ಬೇಕೆಂದೇ ಸಡಿಲವಾಗಿ ನೇಯುತ್ತಾರೆ. ಅಂಟು ರಾಳ ಒಳಗೆ ಇಳಿಯಬೇಕು, ಬಟ್ಟೆ ಅಚ್ಚಿನ ತಿರುವುಗಳಿಗೆ ಬಗ್ಗಬೇಕು ಎಂಬುದು ಅವರ ಅಗತ್ಯ. ಇದಕ್ಕೆ ಬದಲಾಗಿ ಜೈಲು ಸಿಬ್ಬಂದಿಯನ್ನು ಸೂಜಿ, ಮೊಳೆಗಳಂಥ ಚುಚ್ಚುವ ಆಯುಧಗಳಿಂದ ಕಾಯಲು ತಯಾರಿಸುವ ಅರಾಮಿಡ್ ಬಟ್ಟೆಯಲ್ಲಿ ನೂಲು 200 ಡೆನಿಯರ್‌ನಷ್ಟು ಸಣ್ಣದು, ಅಂಗುಲಕ್ಕೆ ಹಾಸಿನಲ್ಲೂ ಹೊಕ್ಕಿನಲ್ಲೂ 70ರಂತೆ ಎಳೆಗಳು. ಎಳೆಯಿಂದ ಎಳೆಗೆ 0.36 ಮಿಲಿಮೀಟರ್. ಎರಡೂ ಒಂದೇ ನೂಲಿನ ಜಾತಿ, ಎರಡರ ಗುಣವೇ ಬೇರೆ. ಡೆನಿಯರ್ ಅಂಕಿ ಚಿಕ್ಕದಾದಷ್ಟೂ ನೂಲು ಸಣ್ಣದು.

ಇನ್ನು ಬಲದ ಮಾತು. 40 ಮಿಲಿಮೀಟರ್ ದಪ್ಪದ ಟೈರಿಗೆ 50 ಪಿಎಸ್‌ಐ, ಅಂದರೆ ಸುಮಾರು 3.5 ಬಾರ್ ಗಾಳಿ ತುಂಬಿದರೆ ಟೈರಿನ ಗೋಡೆಯ ಮೇಲೆ ಬೀಳುವ ಎಳೆತ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿದಷ್ಟು. ಸೆಂಟಿಮೀಟರ್ ಅಗಲಕ್ಕೆ ಸುಮಾರು 7 ಕಿಲೋ. ಟೈರಿಗೆ ಬಳಸುವ 840 ಡೆನಿಯರ್‌ನ ಒಂದೇ ಒಂದು ನೈಲಾನ್ ಎಳೆ ಅಷ್ಟನ್ನು ತಡೆಯುತ್ತದೆ. ಟೈರು ಹರಿಯದಂತೆ ಇರಲು ಅರಾಮಿಡ್ ಬೇಕಾಗಿಯೇ ಇಲ್ಲ. ಆದ್ದರಿಂದ ನೀವು ಮೊದಲು ಹುಡುಕಬೇಕಾದದ್ದು ಸಣ್ಣ ನೂಲಿನ, ಬಿಗಿ ನೇಯ್ಗೆಯ ಬಟ್ಟೆಯನ್ನು. ನೂಲು ಯಾವುದು ಎಂಬುದು ಎರಡನೆಯ ಪ್ರಶ್ನೆ. ಜಿಎಸ್‌ಎಂ ಕೇಳಿದರೆ ಇದು ಗೊತ್ತಾಗುವುದಿಲ್ಲ. 170 ಗ್ರಾಮಿನ ಬಟ್ಟೆ ಸಡಿಲವೂ ಇರಬಹುದು, ಬಿಗಿಯೂ ಇರಬಹುದು. ಅಂಗಡಿಗೆ ಹೋಗುವಾಗ ಎಳೆ ಎಣಿಸುವ ಭೂತಗನ್ನಡಿ, ಅಂದರೆ ಒಂದು ಪಿಕ್ ಗ್ಲಾಸ್ ಇಟ್ಟುಕೊಂಡು ಹೋಗಿ, ಒಂದು ಅಂಗುಲದಲ್ಲಿ ಎಷ್ಟು ಎಳೆಗಳಿವೆ ಎಂದು ಎಣಿಸಿಯೇ ಹಣ ಕೊಡಿ.

ಪೂರ್ತಿ ಟೈರು ಕಟ್ಟುವ ಯೋಚನೆಯನ್ನು ಬಿಟ್ಟುಬಿಡಿ ಎಂದು ನನ್ನ ಸಲಹೆ. ರಿಮ್ಮನ್ನು ಕಚ್ಚಿ ಹಿಡಿಯುವ ಬೀಡಿನ ಸುತ್ತಳತೆಯಲ್ಲಿ ಕೆಲವೇ ಮಿಲಿಮೀಟರ್ ಹೆಚ್ಚಾದರೂ ಗಾಳಿ ತುಂಬುವಾಗ, ಅಥವಾ ಅದಕ್ಕಿಂತ ಕೆಟ್ಟದಾಗಿ ಇಳಿಜಾರಿನಲ್ಲಿ, ಟೈರು ರಿಮ್ಮಿನಿಂದ ಹಾರಿಬಿಡುತ್ತದೆ. ಕಾರ್ಖಾನೆಯ ಟೈರನ್ನು ಇಟ್ಟುಕೊಂಡು ಒಳಗೆ ಪದರ ಸೇರಿಸುವುದೇ ಕ್ಷೇಮ.

ಪೀಣ್ಯ ವರ್ಕ್‌ಶಾಪ್

ಮಗ್ಗದವರು ಹೇಳಿದ್ದನ್ನು ಒಪ್ಪುತ್ತಲೇ, ಬಟ್ಟೆ ಸಿಗುವ ಜಾಗಗಳ ಬಗ್ಗೆ ಬರೆಯುತ್ತೇನೆ. ಬೆಂಗಳೂರಿನಲ್ಲಿ ವಿಮಾನ ಸಂಸ್ಥೆಗಳಾದ ಎಚ್‌ಎಎಲ್, ಎನ್‌ಎಎಲ್ ಇರುವುದರಿಂದ ಅವುಗಳ ಸುತ್ತ ಕಾಂಪೊಸಿಟ್ (ಬಟ್ಟೆಗೆ ರಾಳ ಹಚ್ಚಿ ಗಟ್ಟಿಮಾಡುವ) ಕೆಲಸದ ಚಿಕ್ಕ ಘಟಕಗಳು ಬಹಳ. ಅವರಿಗೆ ಗ್ಲಾಸ್ ಫೈಬರ್, ಕಾರ್ಬನ್, ರಾಳ ಒದಗಿಸುವ ವ್ಯಾಪಾರಿಗಳಲ್ಲಿ ಅರಾಮಿಡ್ ಬಟ್ಟೆಯೂ ಇರುತ್ತದೆ. ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಸಾಮಾನಿನ ಅಂಗಡಿ ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ರೇಡಿಯೊ ನಿಯಂತ್ರಿತ ವಿಮಾನ ಮತ್ತು ಡ್ರೋನ್ ಕಟ್ಟುವವರಿಗೆಂದು ಇದೇ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ಆನ್‌ಲೈನಿನಲ್ಲೂ ಮಾರುತ್ತಾರೆ. ಬೆಲೆ ಮೀಟರಿಗೆ ಸಾವಿರದ ಮಾತು. ಕೆವ್ಲಾರ್ ಎಂದು ಕೇಳುವ ಬದಲು ಅರಾಮಿಡ್ ಎಂದು ಕೇಳಿ. ಟ್ವಾರಾನ್ ಹೆಸರಿನದು ಕೊಟ್ಟರೂ ಕೆಲಸಕ್ಕೆ ವ್ಯತ್ಯಾಸವಿಲ್ಲ. ಕಾರ್ಬನ್ ಎಳೆ ಬೆರೆಸಿದ ಹಳದಿ-ಕಪ್ಪು ಬಟ್ಟೆ ಕೊಳ್ಳಬೇಡಿ. ಕಾರ್ಬನ್ ಎಳೆ ಪದೇ ಪದೇ ಮಡಿಚಿದರೆ ಮುರಿಯುತ್ತದೆ, ಮುರಿದ ತುದಿಗಳೇ ಟ್ಯೂಬನ್ನು ಚುಚ್ಚುತ್ತವೆ.

ಹಳದಿ ಬಣ್ಣವಿದ್ದ ಮಾತ್ರಕ್ಕೆ ಅರಾಮಿಡ್ ಆಗುವುದಿಲ್ಲ. ಅಂಚಿನಿಂದ ಒಂದು ಎಳೆ ಬಿಡಿಸಿಕೊಂಡು, ಬಯಲಿನಲ್ಲಿ, ಹೊಗೆ ಮೂಗಿಗೆ ಬರದಂತೆ ಬೆಂಕಿ ತೋರಿಸಿ. ನೈಲಾನ್, ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಗುಂಡಾಗುತ್ತವೆ. ಅರಾಮಿಡ್ ಕರಗುವುದಿಲ್ಲ, ಕಪ್ಪಾಗಿ ಸುಟ್ಟು, ಬೆಂಕಿ ತೆಗೆದ ಕೂಡಲೇ ಆರುತ್ತದೆ. ಗ್ಲಾಸ್ ಫೈಬರ್ ಉರಿಯುವುದೇ ಇಲ್ಲ.

ಕತ್ತರಿಯ ಬಗ್ಗೆಯೂ ಒಂದು ಮಾತು. ದರ್ಜಿಯ ಕತ್ತರಿ ಈ ಬಟ್ಟೆಯ ಮೇಲೆ ಜಾರುತ್ತದೆ, ಅಂಚು ಕುಚ್ಚು ಕುಚ್ಚಾಗುತ್ತದೆ. ಅಲಗಿನಲ್ಲಿ ಸಣ್ಣ ಹಲ್ಲುಗಳಿರುವ ಕತ್ತರಿ ಬೇಕು. ಕತ್ತರಿಸುವ ಗೆರೆಯ ಮೇಲೆ ಮೊದಲೇ ತೆಳ್ಳಗೆ ರಬ್ಬರ್ ಅಂಟು ಹಚ್ಚಿ ಒಣಗಿಸಿದರೆ ಅಂಚು ಬಿಚ್ಚಿಕೊಳ್ಳುವುದಿಲ್ಲ.

ಗುಜರಿಯ ಜಾಕೆಟ್ಟುಗಳ ಸಹವಾಸ ಬೇಡ. ಅವು ಪೊಲೀಸ್ ಅಥವಾ ಸೇನೆಯ ಸೊತ್ತಾಗಿದ್ದರೆ ನಿಮ್ಮ ಕೈಗೆ ಹೇಗೆ ಬಂದವೆಂದು ಉತ್ತರಿಸಬೇಕಾದವರು ನೀವೇ. ಅದಿರಲಿ, ಈಗಿನ ಎಷ್ಟೋ ಜಾಕೆಟ್ಟುಗಳ ಒಳಗೆ ಇರುವುದು ನೇಯ್ದ ಬಟ್ಟೆಯೇ ಅಲ್ಲ; ಒಂದೇ ದಿಕ್ಕಿಗೆ ಮಲಗಿಸಿದ ಎಳೆಗಳನ್ನು ತೆಳು ಹಾಳೆಗೆ ಅಂಟಿಸಿ, ಹಾಳೆಯ ಮೇಲೆ ಹಾಳೆ ಅಡ್ಡಡ್ಡ ಜೋಡಿಸಿರುತ್ತಾರೆ. ಮುಳ್ಳಿಗೆ ಅಂಥ ಒಂದೆರಡು ಹಾಳೆಗಳು ತಡೆಯೇ ಅಲ್ಲ. ಪಿಬಿಒ ಎಂಬ ಇನ್ನೊಂದು ನೂಲು ಝೈಲಾನ್ ಹೆಸರಿನಲ್ಲಿ ಅಮೆರಿಕದ ಪೊಲೀಸ್ ಜಾಕೆಟ್ಟುಗಳಲ್ಲಿ ಬಳಕೆಗೆ ಬಂದಿತ್ತು. ತೇವ ಮತ್ತು ಬಿಸಿಗೆ ಬಲ ಕಳೆದುಕೊಳ್ಳುತ್ತದೆಂದು ತಿಳಿದು 2005ರಲ್ಲಿ ಅಲ್ಲಿನ ಸರ್ಕಾರಿ ಮಾನ್ಯತೆಯಿಂದಲೇ ಅದನ್ನು ಕೈಬಿಟ್ಟರು. ನಮ್ಮ ಟೈರಿನೊಳಗೆ ತೇವವೂ ಇದೆ, ಬಿಸಿಯೂ ಇದೆ.

ಚಳ್ಳಕೆರೆ ಸವಾರ

ಮಗ್ಗದವರ ಲೆಕ್ಕ ನೋಡಿದ ಮೇಲೆ ನನ್ನ ಪ್ರಶ್ನೆಯೇ ಬದಲಾಗಿದೆ. ಬಿಗಿ ನೇಯ್ಗೆಯೇ ಮುಖ್ಯವಾದರೆ ಕಾರಿನ ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್ ಬಟ್ಟೆ ಏಕಾಗಬಾರದು? ಗುಜರಿಯಲ್ಲಿ ಎರಡೂ ಸಿಗುತ್ತವೆ. ಶಾಲಾ ಚೀಲ, ಪ್ರಯಾಣದ ಚೀಲ ಹೊಲಿಯುವವರ ಹತ್ತಿರ ಇರುವ ದಪ್ಪ ನೈಲಾನ್ ಹೇಗೆ?

ಹುಬ್ಬಳ್ಳಿ ಗ್ಯಾರೇಜ್

ಏರ್‌ಬ್ಯಾಗ್ ಬಟ್ಟೆ ನೈಲಾನ್ 66. ಸಾಮಾನ್ಯವಾಗಿ 470 ಡೆಸಿಟೆಕ್ಸ್ (10,000 ಮೀಟರ್ ನೂಲಿನ ಗ್ರಾಂ ತೂಕ) ನೂಲಿನದು, ಸೆಂಟಿಮೀಟರಿಗೆ ಸುಮಾರು 18ರಿಂದ 20 ಎಳೆ. ಅಂದರೆ ಅಂಗುಲಕ್ಕೆ 46ರಿಂದ 51. ಗಾಳಿಯನ್ನೇ ಹಿಡಿದಿಡಬೇಕಾದ ಬಟ್ಟೆಯಾದ್ದರಿಂದ ಅಷ್ಟು ಬಿಗಿ. ಆದರೆ ಒಂದು ಎಚ್ಚರಿಕೆಯನ್ನು ಎಲ್ಲರೂ ಓದಬೇಕು: ಅಪಘಾತದಲ್ಲಿ ಈಗಾಗಲೇ ಉಬ್ಬಿ ಹೊರಬಂದ ಬ್ಯಾಗಿನ ಬಟ್ಟೆಯನ್ನು ಮಾತ್ರ ತೆಗೆದುಕೊಳ್ಳಿ. ಸಿಡಿಯದೆ ಉಳಿದ ಏರ್‌ಬ್ಯಾಗಿನ ಒಳಗೆ ಚೀಲವನ್ನು ಉಬ್ಬಿಸುವ, ಮದ್ದು ತುಂಬಿದ ಇನ್‌ಫ್ಲೇಟರ್ ಇರುತ್ತದೆ; ಅದನ್ನು ಬಿಚ್ಚಲು ಹೋಗಿ ಕೈ, ಕಣ್ಣು ಕಳೆದುಕೊಳ್ಳಬಾರದು. ಬಟ್ಟೆಯ ಒಂದು ಮೈಗೆ ಸಿಲಿಕೋನ್ ಹಚ್ಚಿದ್ದರೆ ಆ ಮೈಗೆ ಯಾವ ಸೊಲ್ಯೂಷನ್ನೂ (ಪಂಕ್ಚರ್ ಅಂಟು) ಹಿಡಿಯುವುದಿಲ್ಲ. ಬೆರಳಿನಿಂದ ಸವರಿದರೆ ಜಿಡ್ಡಿಲ್ಲದ ನುಣುಪು ಗೊತ್ತಾಗುತ್ತದೆ. ಒಂದು ಹನಿ ನೀರು ಹಾಕಿದರೆ ಹರಡದೆ ಗುಂಡಾಗಿ ನಿಲ್ಲುತ್ತದೆ. ಬರಿಯ ಮೈಯನ್ನು ಟೈರಿನ ಕಡೆಗೆ ಮಾಡಿ ಅಂಟಿಸಬೇಕು.

ಸೀಟ್ ಬೆಲ್ಟ್ ಪಾಲಿಯೆಸ್ಟರ್ ನೂಲಿನದು; ನೇಯ್ಗೆ ಬಹಳ ಬಿಗಿ, ದಪ್ಪ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಗಲ 46ರಿಂದ 48 ಮಿಲಿಮೀಟರ್. ನಿಮ್ಮ ಟೈರಿಗೆ ಅಗಲ ಹೆಚ್ಚಾಗುತ್ತದೆ, ಉದ್ದಕ್ಕೆ ಸೀಳಿದರೆ ಅಂಚು ಬಿಚ್ಚುತ್ತದೆ. ಚೀಲದವರ ನೈಲಾನ್ ಬಗ್ಗೆ ಹೇಳಬೇಕೆಂದರೆ 1000 ಡೆನಿಯರ್‌ನಂಥ ದಪ್ಪ ನೂಲಿನದು ಉಜ್ಜಿದರೆ ಸವೆಯದೆ ಉಳಿಯುತ್ತದೆ, ಗಾಜಿನ ಚೂರಿಗೆ ಪರವಾಗಿಲ್ಲ; ಸಣ್ಣ ಮುಳ್ಳಿಗೆ ಮಗ್ಗದವರು ಹೇಳಿದ ತೊಂದರೆಯೇ.

ಐಂಡ್‌ಹೋವನ್ ಕನ್ನಡಿಗ

ನಾನಿರುವ ನೆದರ್ಲೆಂಡ್ಸ್ ಇಂಥ ಬಲವಾದ ನೂಲುಗಳಲ್ಲಿ ಎರಡಕ್ಕೆ, ಟ್ವಾರಾನ್ ಮತ್ತು ಡೈನೀಮಾಗೆ, ತವರು. ಟ್ವಾರಾನ್ ನೂಲು ಇಲ್ಲಿನ ಎಮ್ಮೆನ್ ಪಟ್ಟಣದಲ್ಲಿ ತಯಾರಾಗುತ್ತದೆ. ಡೈನೀಮಾ ಡಿಎಸ್‌ಎಂ ಸಂಸ್ಥೆಯ ಸಂಶೋಧನೆ, 2022ರಿಂದ ಅದು ಅಮೆರಿಕದ ಏವಿಯೆಂಟ್ ಸಂಸ್ಥೆಯ ಕೈಯಲ್ಲಿದೆ. ಡೈನೀಮಾದ ಹೊಗಳಿಕೆ ಓದಿ ಅದನ್ನೇ ತರಿಸಬೇಕೆಂದು ಯಾರಿಗಾದರೂ ಅನಿಸಬಹುದಾದ್ದರಿಂದ ಅದರ ಗುಣವನ್ನು ಹೇಳಿಬಿಡುತ್ತೇನೆ.

ಡೈನೀಮಾ ಮೂಲತಃ ಪಾಲಿಎಥಿಲೀನ್, ನಮ್ಮ ಪ್ಲಾಸ್ಟಿಕ್ ಚೀಲದ ವಸ್ತುವಿನದೇ ಕುಲ. ಅಣುಗಳು ಅತಿ ಉದ್ದ ಮತ್ತು ಒಂದೇ ದಿಕ್ಕಿಗೆ ಜೋಡಿಸಿದಂಥವು ಎಂಬುದಷ್ಟೇ ಬಲದ ಗುಟ್ಟು. ಸಾಂದ್ರತೆ 0.97; ನೀರಿನಲ್ಲಿ ತೇಲುತ್ತದೆ. ಅರಾಮಿಡ್ಡಿನದು 1.44, ಮುಳುಗುತ್ತದೆ. ಅಂಗಡಿಯವನು ಡೈನೀಮಾ ಎಂದು ಕೊಟ್ಟದ್ದನ್ನು ಪರೀಕ್ಷಿಸಲು ಒಂದು ಲೋಟ ನೀರು ಸಾಕು, ಬಟ್ಟೆಗೆ ಬೇರೇನೂ ಲೇಪಿಸಿರಬಾರದು ಅಷ್ಟೇ. ಅದರ ಎರಡು ದೋಷಗಳು ಟೈರಿನ ಕೆಲಸಕ್ಕೆ ನೇರವಾಗಿ ಅಡ್ಡ ಬರುತ್ತವೆ. ಮೊದಲನೆಯದಾಗಿ, ಪಾಲಿಎಥಿಲೀನ್ ಮೈಗೆ ಅಂಟು ಹಿಡಿಯುವುದಿಲ್ಲ. ಎರಡನೆಯದಾಗಿ, ಅದು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ರಬ್ಬರನ್ನು ಬೇಯಿಸುವುದೂ ಹೆಚ್ಚುಕಡಿಮೆ ಅದೇ ಬಿಸಿಯಲ್ಲಿ.

ದೊಡ್ಡ ಕಂಪನಿಗಳು ಏನು ಹಾಕುತ್ತವೆ ಎಂಬುದೂ ಉಪಯೋಗಕ್ಕೆ ಬರಬಹುದು. ಕಾಂಟಿನೆಂಟಲ್ ತನ್ನ ದುಬಾರಿ ರೇಸ್ ಟೈರುಗಳ ನಡುವೆ ವೆಕ್ಟ್ರಾನ್ ಪಟ್ಟಿ ಇಡುತ್ತದೆ. ವೆಕ್ಟ್ರಾನ್ ಜಪಾನಿನ ಕುರಾರೆ ತಯಾರಿಸುವ ಪಾಲಿಯೆಸ್ಟರ್ ಕುಲದ ನೂಲು. 1997ರಲ್ಲಿ ಮಂಗಳ ಗ್ರಹದ ಮೇಲೆ ಪಾತ್‌ಫೈಂಡರ್ ನೌಕೆಯನ್ನು ಪುಟಿಸಿ ಇಳಿಸಿದ ಗಾಳಿಚೀಲಗಳು ಅದರವೇ. ಚಿಲ್ಲರೆ ಕೊಳ್ಳುವವರಿಗೆ ವೆಕ್ಟ್ರಾನ್ ಹಗ್ಗವಾಗಿ, ನೂಲಾಗಿ ಸಿಕ್ಕೀತು. ಟೈರಿಗೆ ಬೇಕಾದ ಬಿಗಿ ಬಟ್ಟೆಯಾಗಿ ಸಿಗುವುದು ಕಷ್ಟ.

ಮೈಸೂರು ಪೆಡಲ್

ಇಷ್ಟೆಲ್ಲ ನೂಲು, ಡೆನಿಯರ್ ಚರ್ಚೆಯ ನಡುವೆ ಒಂದು ಸರಳ ಸಂಗತಿ ಮರೆತುಹೋಗುತ್ತಿದೆ ಎಂದು ನನಗೆ ತೋರುತ್ತದೆ. ಪ್ರವಾಸಿ ಸೈಕಲ್ ಸವಾರರು ಪಂಕ್ಚರ್ ವಿಷಯದಲ್ಲಿ ಅತಿ ಹೆಚ್ಚು ನಂಬುವ ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ಟೈರಿನ ರಕ್ಷಣೆ ಯಾವ ಬಟ್ಟೆಯದೂ ಅಲ್ಲ. ಅದರ ಒಳಗಿರುವುದು 5 ಮಿಲಿಮೀಟರ್ ದಪ್ಪದ ರಬ್ಬರ್ ಪದರ. ಡ್ರಾಯಿಂಗ್ ಪಿನ್ ಪೂರ್ತಿ ಚುಚ್ಚಿದರೂ ತುದಿ ಟ್ಯೂಬನ್ನು ಮುಟ್ಟುವುದಿಲ್ಲ, ಅಷ್ಟೇ ಅದರ ತಂತ್ರ. ನೆಗ್ಗಿಲು ಮುಳ್ಳಿನ ಉದ್ದವೂ ಕೆಲವೇ ಮಿಲಿಮೀಟರ್. ಹಾಗಿರುವಾಗ ಸವೆದ ಹಳೆಯ ಟೈರೊಂದರ ಎರಡೂ ಬೀಡುಗಳನ್ನು ಕತ್ತರಿಸಿ ಎಸೆದು, ಉಳಿದ ಪಟ್ಟಿಯನ್ನು ಟೈರಿನ ಒಳಗೆ ಹಾಸುವುದೇ ಏಕೆ ಸಾಲದು? ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಹರಿದ ಟೈರಿಗೆ ಒಳಗಿನಿಂದ ಗೇಟರ್ ತುಂಡು ಹಾಕುವುದು ಇದೇ ವಿದ್ಯೆ. ಖರ್ಚಿಲ್ಲ, ಬೆಂಗಳೂರಿಗೆ ಅಲೆಯಬೇಕಿಲ್ಲ.

ದೊಡ್ಡಬಳ್ಳಾಪುರ ಮಗ್ಗ

ಮೈಸೂರಿನವರ ಮಾತು ನೆಗ್ಗಿಲಿನ ಮಟ್ಟಿಗೆ ಪೂರಾ ಸರಿ. ದಪ್ಪ ರಬ್ಬರಿನ ಬೆಲೆ ತೂಕದಲ್ಲಿ ತೆರಬೇಕಾಗುತ್ತದೆ. 700ಸಿ ಅಳತೆಯ ಮ್ಯಾರಥಾನ್ ಪ್ಲಸ್ ಒಂದೊಂದೂ 900 ಗ್ರಾಂ ಆಸುಪಾಸು. ಹೊಲಕ್ಕೆ ಹೋಗಿಬರುವ ಸೈಕಲ್ಲಿಗೆ ಅದು ದೊಡ್ಡ ವಿಷಯವಲ್ಲ ಎಂದು ವಾದಿಸಿದರೆ ನಾನು ವಿರೋಧಿಸುವುದಿಲ್ಲ. ಆದರೆ ಬಳ್ಳಾರಿ ಜಾಲಿಯ ಮುಳ್ಳು 5 ಸೆಂಟಿಮೀಟರ್ ತನಕ ಬೆಳೆಯುತ್ತದೆ. ಅದನ್ನು ದಪ್ಪದಿಂದಷ್ಟೇ ತಡೆಯಲು ಹೊರಟರೆ ಟೈರಿನೊಳಗೆ ಟ್ಯೂಬಿಗೆ ಜಾಗವಿರುವುದಿಲ್ಲ. ಅಲ್ಲಿ ತುದಿಯನ್ನು ನಿಲ್ಲಿಸಬಲ್ಲ ಬಿಗಿ ಪದರ ಬೇಕು, ಆ ಪದರ ಟ್ಯೂಬಿನತ್ತ ಉಬ್ಬದಂತೆ ಹಿಂದೆ ಒಂದಿಷ್ಟು ರಬ್ಬರೂ ಬೇಕು. ಬಟ್ಟೆಯೋ ರಬ್ಬರೋ ಎಂಬ ಆಯ್ಕೆಯ ಪ್ರಶ್ನೆ ಇದಲ್ಲ.

ಹಳೆಯ ಟೈರಿನ ಪಟ್ಟಿ ಹಾಸುವವರು ಅಂಚುಗಳನ್ನು ಚಪ್ಪಲಿ ಹೊಲಿಯುವವರಿಂದ ಉಳಿಯಲ್ಲಿ ಇಳಿಜಾರಾಗಿ ಕೆತ್ತಿಸಿಕೊಳ್ಳಲೇಬೇಕು. ಮೆಟ್ಟಿಲಿನಂಥ ಅಂಚು ಉಳಿದರೆ ಟ್ಯೂಬು ಪ್ರತಿ ಸುತ್ತಿನಲ್ಲೂ ಅದೇ ಗೆರೆಗೆ ಉಜ್ಜಿ, ಕೆಲವು ತಿಂಗಳಲ್ಲಿ ಮುಳ್ಳಿಲ್ಲದೆಯೇ ಗಾಳಿ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಟೈರ್ ಲೈನರುಗಳ ದೂರೂ ಇದೇ.

ಇನ್ನು ಸೀಟ್ ಬೆಲ್ಟಿನಂಥ ನೇರ ಪಟ್ಟಿ ಏಕೆ ಬೇಡ ಎಂಬುದಕ್ಕೆ ಲೆಕ್ಕವಿದೆ. ಟೈರಿನ ಒಳಮೈ ಎರಡು ದಿಕ್ಕಿಗೆ ಬಾಗಿರುತ್ತದೆ. ಸುಮಾರು 38 ಮಿಲಿಮೀಟರ್ ದಪ್ಪದ ಟೈರಿನಲ್ಲಿ ನೆತ್ತಿಯಿಂದ ಪಕ್ಕಕ್ಕೆ 15 ಮಿಲಿಮೀಟರ್ ಸರಿದರೆ ಮೈ ಐದೂವರೆ ಮಿಲಿಮೀಟರಿನಷ್ಟು ಒಳಕ್ಕೆ ಇಳಿಯುತ್ತದೆ. ಅಂದರೆ ಅಲ್ಲಿನ ಸುತ್ತಳತೆ ನೆತ್ತಿಯ ಸುತ್ತಳತೆಗಿಂತ ಸುಮಾರು ಮೂರೂವರೆ ಸೆಂಟಿಮೀಟರ್ ಕಡಿಮೆ. ಮೂರು ಸೆಂಟಿಮೀಟರ್ ಅಗಲದ ನೇರ ಪಟ್ಟಿಯನ್ನು ನೆತ್ತಿಗೆ ಸರಿಯಾಗಿ ಕೂರಿಸಿದರೆ ಎರಡೂ ಅಂಚುಗಳಲ್ಲಿ ಅಷ್ಟು ಬಟ್ಟೆ ಹೆಚ್ಚಾಗಿ ಸುಕ್ಕು ಏಳುತ್ತದೆ. ಅರಾಮಿಡ್ ಎಳೆ ಹರಿಯುವ ಮೊದಲು ಹಿಗ್ಗುವುದೇ ಶೇಕಡ ಮೂರೂವರೆಯಷ್ಟು, ಹಾಗಾಗಿ ಅದು ಎಳೆದರೂ ಹೊಂದಿಕೊಳ್ಳುವುದಿಲ್ಲ. ಪರಿಹಾರ ದರ್ಜಿಗಳಿಗೆ ಗೊತ್ತಿರುವುದೇ: ರವಿಕೆಯ ಕತ್ತಿಗೆ ಹಚ್ಚುವಂತೆ ಕ್ರಾಸ್ ಪಟ್ಟಿ ಕತ್ತರಿಸಬೇಕು. ಹಾಸು, ಹೊಕ್ಕು ಎರಡೂ ಪಟ್ಟಿಯ ಉದ್ದಕ್ಕೆ 45 ಡಿಗ್ರಿ ಓರೆಯಾಗಿರುವಾಗ ಬಟ್ಟೆ ಎಲ್ಲ ಕಡೆಗೂ ಬಗ್ಗುತ್ತದೆ. ಕಾರ್ಖಾನೆಯಲ್ಲಿ ಟೈರಿನ ಮೈಯ ಎಳೆಗಳನ್ನೂ ಹೀಗೆಯೇ ಓರೆಯಾಗಿ ಇಟ್ಟಿರುತ್ತಾರೆ.

ಅಗಲ ಮೂರು ಸೆಂಟಿಮೀಟರ್ ಮೀರಬೇಡಿ. ಟೈರಿನ ಪಕ್ಕೆಗಳು ಪ್ರತಿ ಸುತ್ತಿನಲ್ಲೂ ಮಡಿಚಿ ಬಿಚ್ಚುವ ಜಾಗ. ಪಟ್ಟಿ ಅಲ್ಲಿಗೆ ಹೋದರೆ ಅಂಟು ಬಿಡುತ್ತದೆ. ಒಂದು ಮೀಟರ್ ಅಗಲದ ಬಟ್ಟೆಯಲ್ಲಿ ಅರ್ಧ ಮೀಟರ್ ಕೊಂಡರೆ ಎರಡು ಚಕ್ರಗಳಿಗೆ ಎರಡೆರಡು ಪದರಕ್ಕೆ ಬಟ್ಟೆ ಸಾಲುತ್ತದೆ, ಆದರೆ ಓರೆಯಾಗಿ ಕತ್ತರಿಸಿದಾಗ ತುಂಡುಗಳು 70 ಸೆಂಟಿಮೀಟರ್ ಮಾತ್ರ ಸಿಗುವುದರಿಂದ ಪ್ರತಿ ಪದರಕ್ಕೂ ನಾಲ್ಕು ತುಂಡು ಜೋಡಿಸಬೇಕಾಗುತ್ತದೆ. ಎರಡು ಪದರಗಳ ಜೋಡಣೆಗಳು ಒಂದರ ಮೇಲೊಂದು ಬರದಿರಲಿ.

ದಾವಣಗೆರೆ ರಿಟ್ರೆಡ್

ಬಟ್ಟೆ ಕೊಳ್ಳುವುದು ಸುಲಭ, ಅದನ್ನು ರಬ್ಬರಿಗೆ ಹಿಡಿಸುವುದು ಕಷ್ಟ. ಟೈರ್ ಕಾರ್ಖಾನೆಗಳಿಗೆ ಹೋಗುವ ನೈಲಾನ್ ಕಾರ್ಡ್ (ಹುರಿ ನೂಲಿನ) ಬಟ್ಟೆ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಎಸ್‌ಆರ್‌ಎಫ್, ಸೆಂಚುರಿ ಎಂಕಾ ಅದರಲ್ಲಿ ದೊಡ್ಡ ಹೆಸರುಗಳು. ಆ ಬಟ್ಟೆ ಕೆಂಪುಕಂದು ಬಣ್ಣದಲ್ಲಿರುವುದನ್ನು ನೋಡಿರಬಹುದು. ರೆಸಾರ್ಸಿನಾಲ್, ಫಾರ್ಮಾಲ್ಡಿಹೈಡ್ ಮತ್ತು ಲೇಟೆಕ್ಸ್ (ರಬ್ಬರ್ ಹಾಲು) ಬೆರೆಸಿದ ದ್ರಾವಣದಲ್ಲಿ ಅದ್ದಿ ಬಿಸಿಯಲ್ಲಿ ಒಣಗಿಸಿದ್ದರಿಂದ ಬಂದ ಬಣ್ಣ ಅದು. ಈ ಲೇಪವಿಲ್ಲದಿದ್ದರೆ ನೈಲಾನ್ ರಬ್ಬರಿಗೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಅರಾಮಿಡ್ ಇನ್ನೂ ಹಟಮಾರಿ. ಅದಕ್ಕೆ ಮೊದಲು ಎಪಾಕ್ಸಿಯ ಒಂದು ಲೇಪ ಕೊಟ್ಟು, ಆಮೇಲೆ ಈ ಲೇಪ ಕೊಡುತ್ತಾರೆ. ಕಾಂಪೊಸಿಟ್ ಅಂಗಡಿಯಲ್ಲಿ ಸಿಗುವ ಅರಾಮಿಡ್ಡಿಗೆ ಎರಡೂ ಇರುವುದಿಲ್ಲ. ಕಾರ್ಡ್ ಬಟ್ಟೆಯ ತುಂಡು ಯಾರಾದರೂ ಕೊಟ್ಟರೂ ಪಂಕ್ಚರ್ ತಡೆಗೆ ಅದು ಬೇಡ, ಅದರಲ್ಲಿ ಹಾಸು ಮಾತ್ರ ದಟ್ಟವಾಗಿರುತ್ತದೆ, ಹೊಕ್ಕು ಹೆಸರಿಗಷ್ಟೆ.

ಸವೆದ ಟೈರಿಗೆ ಹೊಸ ಟ್ರೆಡ್ (ನೆಲ ಮುಟ್ಟುವ ರಬ್ಬರ್) ಕೂರಿಸುವ ನಮ್ಮಲ್ಲಿಗೆ ಸೈಕಲ್ ಟೈರು ತಂದು ಟ್ರೆಡ್ಡಿನ ಕೆಳಗೆ ಬಟ್ಟೆ ಇಟ್ಟು ಬೇಯಿಸಿಕೊಡಿ ಎಂದು ಕೇಳುವವರಿದ್ದಾರೆ. ಅಚ್ಚುಗಳಿರುವುದು ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಅಳತೆಗೆ, ಆಗದ ಕೆಲಸ. ಮನೆಯಲ್ಲಿ ಮಾಡುವವರಿಗೆ ನನಗೆ ತೋರುವ ದಾರಿ ಲೇಟೆಕ್ಸಿನದು. ಬಟ್ಟೆಯನ್ನು ಲೇಟೆಕ್ಸಿನಲ್ಲಿ ನೆನೆಸಿ ಒಣಗಿಸಿದರೆ ಎರಡು ಲಾಭ. ಎಳೆಗಳ ನಡುವಿನ ಸಂದುಗಳಲ್ಲಿ ರಬ್ಬರ್ ಕೂತು ಎಳೆಗಳು ಪಕ್ಕಕ್ಕೆ ಸರಿಯದಂತೆ ಹಿಡಿಯುತ್ತದೆ. ಮಗ್ಗದವರು ಹೇಳಿದ, ಎಳೆ ಸರಿಸಿ ನುಗ್ಗುವ ಮುಳ್ಳಿಗೆ ಇದೇ ಮದ್ದು. ಎರಡನೆಯದಾಗಿ, ಬಟ್ಟೆಯ ಮೈಯೇ ರಬ್ಬರಾದ್ದರಿಂದ ಸಾದಾ ಸೊಲ್ಯೂಷನ್ ಅದಕ್ಕೆ ಹಿಡಿಯುತ್ತದೆ.

ಟೈರಿನ ಒಳಮೈ ಸಿದ್ಧಪಡಿಸುವುದರಲ್ಲಿ ಸೋಮಾರಿತನ ಬೇಡ. ಅಚ್ಚಿನಿಂದ ಬಿಡಿಸಲು ಹಚ್ಚಿದ ಪುಡಿ, ಜಿಡ್ಡು ಅಲ್ಲಿರುತ್ತದೆ. ಉಪ್ಪುಕಾಗದದಿಂದ ಉಜ್ಜಿ, ಬಿಳಿ ಪೆಟ್ರೋಲಿನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಎರಡೂ ಮೈಗೆ ತೆಳ್ಳಗೆ ಸೊಲ್ಯೂಷನ್ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದಾಗ ಕೂರಿಸಿ. ಬಟ್ಟೆಯ ಮೇಲೆ, ಟ್ಯೂಬಿನ ಕಡೆಗೆ, ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಇನ್ನೊಂದು ಪದರವಾಗಿ ಅಂಟಿಸಿ. ಅರಾಮಿಡ್ ಬರಿದಾಗಿ ಟ್ಯೂಬಿಗೆ ತಾಗಿದರೆ ಅದೇ ಅರವಾಗಿ ಟ್ಯೂಬನ್ನು ತಿನ್ನುತ್ತದೆ.

ಸುಳ್ಯ ತೋಟ

ಲೇಟೆಕ್ಸ್ ಮಾತು ಬಂದದ್ದರಿಂದ ರಬ್ಬರ್ ಬೆಳೆಯುವ ಊರಿನವನಾಗಿ ಸೇರಿಸುತ್ತೇನೆ. ಮರದಿಂದ ಇಳಿದ ಹಾಲನ್ನೇ ತಂದು ಬಟ್ಟೆಗೆ ಸುರಿಯಬೇಡಿ. ಅದರಲ್ಲಿ ರಬ್ಬರು ಮೂರರಲ್ಲೊಂದು ಪಾಲು ಮಾತ್ರ, ಬೇಗ ಕೆಟ್ಟು ಗಡ್ಡೆ ಕಟ್ಟುತ್ತದೆ. ಯಂತ್ರದಲ್ಲಿ ತಿರುಗಿಸಿ ಗಟ್ಟಿಮಾಡಿ, ಅಮೋನಿಯಾ ಸೇರಿಸಿ ಕಾಪಾಡಿದ ಶೇಕಡ 60ರ ಲೇಟೆಕ್ಸ್ ಡಬ್ಬಿಗಳಲ್ಲಿ ಸಿಗುತ್ತದೆ. ಅದರಲ್ಲೂ ಗಂಧಕ ಸೇರಿಸಿ ಮೊದಲೇ ಹದಗೊಳಿಸಿದ ಲೇಟೆಕ್ಸ್ ಕೇಳಿ. ಕೈಗವಸು, ಬಲೂನು, ಅಚ್ಚು ಮಾಡುವವರು ಬಳಸುವುದು ಅದನ್ನೇ. ಹದಗೊಳಿಸದ ಲೇಟೆಕ್ಸ್ ಒಣಗಿದರೂ ಬಿಸಿಲಿಗೆ ಮೆತ್ತಗಾಗಿ ಅಂಟಂಟಾಗುತ್ತದೆ, ಚಳ್ಳಕೆರೆಯ ಬೇಸಿಗೆಯಲ್ಲಿ ನಿಲ್ಲುವುದಿಲ್ಲ.

ಡಬ್ಬಿ ತೆರೆದಾಗ ಅಮೋನಿಯಾ ಘಾಟು ಜೋರು, ಅಂಗಳದಲ್ಲಿ ಮಾಡಿ. ಮೊದಲ ಲೇಪಕ್ಕೆ ಸ್ವಲ್ಪ ನೀರು ಬೆರೆಸಿ ತೆಳುಮಾಡಿದರೆ ನೇಯ್ಗೆಯೊಳಗೆ ಇಳಿಯುತ್ತದೆ. ಬಿಳಿಯ ಬಣ್ಣ ಹೋಗಿ ಜೇನಿನ ಬಣ್ಣಕ್ಕೆ ಪಾರದರ್ಶಕವಾಗುವ ತನಕ ಒಣಗಿಲ್ಲ ಎಂದೇ ಲೆಕ್ಕ. ಆಮೇಲೆ ಎರಡನೆಯ ಲೇಪ.

ಪೀಣ್ಯ ವರ್ಕ್‌ಶಾಪ್

ಟೈರಿಗೆ ಅಂಟಿಸುವ ಮೊದಲು ಮೇಜಿನ ಮೇಲೆ ಪರೀಕ್ಷಿಸಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನಡುವೆ ತೂತಿರುವ ಮರದ ತುಂಡು ಇಟ್ಟು, ತೂತಿನ ಮೇಲೆ ಹಳೆಯ ಟ್ಯೂಬಿನ ತುಂಡು, ಅದರ ಮೇಲೆ ಬಟ್ಟೆ, ಎಲ್ಲಕ್ಕಿಂತ ಮೇಲೆ ಸವೆದ ಟೈರಿನ ತುಂಡು ಇಡಿ. ಟೈರಿಗೆ ಮೊದಲೇ ಸಣ್ಣ ತೂತು ಮಾಡಿದ್ದರೆ ಅಳೆಯುವುದು ಬಟ್ಟೆಯ ಗುಣವನ್ನು ಮಾತ್ರ. ಹ್ಯಾಂಡ್ ಡ್ರಿಲ್ಲಿನ ಬಾಯಿಗೆ ಹೊಲಿಗೆ ಯಂತ್ರದ ಹೊಸ ಸೂಜಿ ಕಚ್ಚಿಸಿ ನಿಧಾನವಾಗಿ ಒತ್ತುತ್ತ, ತುದಿ ಕೆಳಗೆ ಇಣುಕಿದಾಗ ತಕ್ಕಡಿ ಎಷ್ಟು ತೋರಿಸುತ್ತದೆಂದು ಬರೆದಿಟ್ಟುಕೊಳ್ಳಿ. ಮುಳ್ಳಿಗಿಂತ ಸೂಜಿ ಲೇಸು, ಪ್ರತಿ ಮುಳ್ಳಿನ ತುದಿಯೂ ಒಂದೊಂದು ರೀತಿ ಇರುವುದರಿಂದ ಅಂಕಿಗಳು ಹೋಲಿಕೆಗೆ ಬರುವುದಿಲ್ಲ. ಒಂದೇ ಬಟ್ಟೆಯನ್ನು ಬರಿದಾಗಿ, ಲೇಟೆಕ್ಸ್ ಹಚ್ಚಿ, ಎರಡು ಪದರ ಮಾಡಿ ಒತ್ತಿ ನೋಡಿದರೆ ಯಾವುದಕ್ಕೆ ಹಣ ಹಾಕಬೇಕೆಂಬುದು ಕಣ್ಣೆದುರೇ ಇರುತ್ತದೆ. ಅಂಗಡಿಯವರು ಮಾದರಿಗೆಂದು ಕೊಡುವ ಅಂಗೈಯಗಲದ ತುಂಡು ಇದಕ್ಕೆ ಸಾಕು.

ಚಳ್ಳಕೆರೆ ಸವಾರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಹಿಂದಿನ ಚಕ್ರಕ್ಕೆ ಏರ್‌ಬ್ಯಾಗ್ ಬಟ್ಟೆಯ ಎರಡು ಕ್ರಾಸ್ ಪದರ, ಲೇಟೆಕ್ಸ್ ಹಚ್ಚಿ, ಮೇಲೆ ಹಳೆಯ ಟ್ಯೂಬು. ಮುಂದಿನ ಚಕ್ರಕ್ಕೆ ಮೈಸೂರಿನವರು ಹೇಳಿದ ಹಳೆಯ ಟೈರಿನ ಪಟ್ಟಿ. ಅರಾಮಿಡ್ ಸದ್ಯಕ್ಕೆ ಬೇಡವೆಂದು ತೀರ್ಮಾನಿಸಿದ್ದೇನೆ. ಉಳಿದಿರುವ ಸಂದೇಹ ಒಂದೇ: ಬಟ್ಟೆಯ ಒಂದು ಮೈಯಲ್ಲಿ ಸಿಲಿಕೋನ್ ಇದ್ದರೆ ಲೇಟೆಕ್ಸ್ ಆ ಮೈಗೆ ಹಿಡಿಯುವುದಿಲ್ಲವಲ್ಲ, ಎರಡು ಪದರಗಳನ್ನು ಒಂದಕ್ಕೊಂದು ಅಂಟಿಸುವುದು ಹೇಗೆ? ಮುರಿದು ಒಳಗೇ ಉಳಿಯುವ ಮುಳ್ಳಿನ ತುದಿಗೆ ಏನು ಮಾಡಬೇಕು?

ದಾವಣಗೆರೆ ರಿಟ್ರೆಡ್

ಸಿಲಿಕೋನ್ ಹಚ್ಚಿದ ಬಟ್ಟೆಯಾದರೆ ಎರಡು ಪದರ ಮಾಡಬೇಡಿ. ಒಂದೇ ಪದರ, ಬರಿಯ ಮೈ ಟೈರಿಗೆ. ಸಿಲಿಕೋನ್ ಮೈ ಟ್ಯೂಬಿನ ಕಡೆಗೆ ಬಂದಾಗ ಹಳೆಯ ಟ್ಯೂಬಿನ ಪದರವನ್ನು ನೇರವಾಗಿ ಬಟ್ಟೆಗೆ ಅಂಟಿಸಲಾಗುವುದಿಲ್ಲ, ಆದ್ದರಿಂದ ಅದನ್ನು ಎರಡೂ ಪಕ್ಕಕ್ಕೆ ಒಂದೊಂದು ಸೆಂಟಿಮೀಟರ್ ಅಗಲ ಕತ್ತರಿಸಿ, ಬಟ್ಟೆಯ ಅಂಚು ದಾಟಿದ ಮೇಲೆ ಟೈರಿನ ಮೈಗೇ ಅಂಟಿಸಿ. ಲೇಪವಿಲ್ಲದ ಏರ್‌ಬ್ಯಾಗ್ ಬಟ್ಟೆಯೂ ಇರುತ್ತದೆ. ಹುಬ್ಬಳ್ಳಿಯವರು ಹೇಳಿದಂತೆ ನೀರಿನ ಹನಿಯನ್ನು ಎರಡೂ ಮೈಗೆ ಹಾಕಿ ನೋಡಿ ಆರಿಸಿಕೊಂಡರೆ ಎರಡು ಪದರಕ್ಕೆ ಅಡ್ಡಿಯಿಲ್ಲ.

ಮುಳ್ಳಿನ ತುದಿ ಟ್ರೆಡ್ಡಿನಲ್ಲಿ ಮುರಿದು ಉಳಿದರೆ ಚಕ್ರ ಉರುಳಿದಂತೆಲ್ಲ ಒಳಕ್ಕೆ ಸರಿಯುತ್ತ ಬರುತ್ತದೆ. ಬಟ್ಟೆ ಅದನ್ನು ತಡೆದು ನಿಲ್ಲಿಸಿರುವಷ್ಟು ದಿನವೂ ಅದೇ ಜಾಗವನ್ನು ತಿವಿಯುತ್ತಿರುತ್ತದೆ. ಮನೆಗೆ ಬಂದ ಕೂಡಲೇ ಚಕ್ರ ತಿರುಗಿಸಿ ನೋಡಿ, ಸಣ್ಣ ಚಿಮಟದಿಂದ ಕಿತ್ತುಹಾಕಿ. ಕಾಣದಷ್ಟು ಒಳಗಿದ್ದರೆ ಗಾಳಿ ಬಿಟ್ಟು ಆ ಜಾಗವನ್ನು ಹೊರಗಿನಿಂದ ಹಿಂಡಿದಾಗ ತುದಿ ಮೇಲೆ ಬರುತ್ತದೆ.